ದನ ಬಂದವು, ತಾ ಬರಲಿಲ್ಲ

ನಮ್ಮೂರ ಹನುಮಪ್ಪನ ಗುಡಿಯ ಎಡಮಗ್ಗುಲಿಗೆ, ಬೇವಿನ ಗಿಡದ ಬುಡದಲ್ಲಿ ಒಂದು ಕಲ್ಲು ನಿಂತಿದೆ. ಎದೆಮಟ್ಟದ ಕಲ್ಲು. ಕೆಳಗಿನ ಒಂದು ಗೇಣು ಮಣ್ಣಲ್ಲಿ ಹುದುಗಿದೆ. ಎಷ್ಟೋ ತಲೆಮಾರಿನ ಎಣ್ಣೆ ಕುಡಿದು ಕರ್ರಗೆ ಮಿರುಗುವ ಅದರ ಮೈಯನ್ನು ಬೇಸಿಗೆಯ ಇಳಿಹೊತ್ತಿನಲ್ಲಿ ಮುಟ್ಟಿದರೆ, ಆಗಷ್ಟೇ ಹೊಲದಿಂದ ಬಂದ ಎಮ್ಮೆಯ ಬೆನ್ನಿನಷ್ಟು ಬೆಚ್ಚಗಿರುತ್ತದೆ. ಯಲಬುರ್ಗಾ ಸೀಮೆಯಲ್ಲಿ ಇಂಥ ಕಲ್ಲುಗಳು ಅಪರೂಪವಲ್ಲ. ಕೆರೆಯ ಏರಿಯ ಮೇಲೆ, ಅಗಸಿಯ ಪಕ್ಕ, ಈಶ್ವರ ಗುಡಿಯ ಹಿಂದೆ, ಎಲ್ಲೋ ಎರಿಹೊಲದ ಬದುವಿನಲ್ಲಿ ಸಿಗುತ್ತವೆ. ಪುಸ್ತಕ ಓದಿದವರು ಇದನ್ನು ವೀರಗಲ್ಲು ಎನ್ನುತ್ತಾರೆ. ನಮ್ಮ ಊರಿಗೆ ಇದು ವೀರಪ್ಪ. ಮದುವೆಯ ಲಗ್ನಪತ್ರಿಕೆಗಳಲ್ಲಿ ಒಂದು ಇವನ ಮುಂದೆ ಬೀಳಬೇಕು. ಹೊಸ ಎತ್ತು ಊರಿಗೆ ಬಂದರೆ ಮೊದಲು ಇವನೆದುರು ನಿಲ್ಲಿಸಿ ಕಾಯಿ ಒಡೆಯಬೇಕು. ಸೈನ್ಯದ ಭರ್ತಿಗೆಂದು ನಸುಕಿನ ಬಸ್ಸು ಹಿಡಿಯುವ ಹುಡುಗರೂ ಒಂದು ಗಳಿಗೆ ಇಲ್ಲಿ ನಿಂತು, ಹಣೆಗೆ ಇಷ್ಟು ಅಂಗಾರ ಹಚ್ಚಿಕೊಂಡು ಹೋಗುತ್ತಾರೆ.

ಅಮಾಸಿಗೊಮ್ಮೆ ಅವನಿಗೆ ಎಣ್ಣೆ ಹಚ್ಚುವ ಕೆಲಸ ನಮ್ಮಮ್ಮನದಾಗಿತ್ತು. ಅಮ್ಮ ಎಂದರೆ ನಮ್ಮ ಕಡೆ ಅವ್ವನ ತಾಯಿ. ಒಂದು ಬಟ್ಟಲಲ್ಲಿ ಕುಸುಬಿ ಎಣ್ಣೆ, ಸೆರಗಿನ ತುದಿಗೆ ಕಟ್ಟಿಕೊಂಡ ಕುಂಕುಮ, ಕೈಯಲ್ಲೊಂದು ತಂಬಿಗೆ ನೀರು. ಮೊದಲು ನೀರು ಹಾಕಿ ಅಂಗೈಯಿಂದ ತಿಕ್ಕುವಳು. ಕೆತ್ತನೆಯ ಸಂದಿಗಳಲ್ಲಿ ಕೂತ ಧೂಳನ್ನು ಬೆರಳ ತುದಿಯಿಂದ ತೆಗೆಯುವಳು. ಆಮೇಲೆ ಎಣ್ಣೆ. ನಾನು ಏಳೆಂಟು ವರ್ಷದವನಿದ್ದಾಗ ಒಂದು ದಿನ ಕೇಳಿದೆ:

"ಅಮ್ಮಾ, ಈ ವೀರಪ್ಪ ಯಾರ್ ಬೇ?"

"ನಮ್ಮ ಊರಾಂವ."

"ಏನ್ ಮಾಡಿದ್ದ?"

"ಕಳ್ಳರು ಊರಾಗಿನ ದನಾ ಹೊಡಕೊಂಡು ಹೊಂಟಿದ್ರಂತ. ಬೆನ್ನು ಹತ್ತಿ ಬಿಡಿಸಿ ಕಳಿಸಿದ. ದನಾ ಬಂದ್ವು. ತಾ ಬರಲಿಲ್ಲ."

ಅಷ್ಟೇ. ಅಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಅವಳಿಗೆ ಈ ಮಾತನ್ನು ಅವಳ ಅತ್ತೆ ಹೇಳಿದ್ದಳು, ಅತ್ತೆಗೆ ಅವಳ ಅತ್ತೆ. "ದನಾ ಬಂದ್ವು. ತಾ ಬರಲಿಲ್ಲ" ಎಂಬ ಈ ಎರಡು ಮಾತು ಸೊಸೆಯಿಂದ ಸೊಸೆಗೆ, ಎಣ್ಣೆಯ ಬಟ್ಟಲಿನ ಜೊತೆಗೆ ಕೈಬದಲಾಗುತ್ತಾ, ಎಷ್ಟು ನೂರು ವರ್ಷ ನಡೆದು ಬಂದಿರಬೇಕು ಎಂದು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ನಾನು ಆಮೇಲೆ ಕಂಡ ಯುದ್ಧಸ್ಮಾರಕಗಳನ್ನೆಲ್ಲ ಈ ಎರಡು ಮಾತಿನ ಬೆಳಕಿನಲ್ಲೇ ಕಂಡೆ.

ಕಲ್ಲನ್ನು ಹತ್ತಿರದಿಂದ ನೋಡುವುದನ್ನು ಕಲಿಸಿದವರು ನಮ್ಮ ಹೈಸ್ಕೂಲಿನ ಇತಿಹಾಸದ ಮಾಸ್ತರು. "ಕಾಗದದ ಮ್ಯಾಲಿನ ಅಕ್ಷರ ಮ್ಯಾಲಿಂದ ಕೆಳಗ ಓದ್ತೀವಿ. ವೀರಗಲ್ಲು ಹಂಗಲ್ಲ, ಕೆಳಗಿಂದ ಮ್ಯಾಲ ಓದಬೇಕು" ಎಂದರು. ಹೌದು, ಅದರ ಓದು ಮಣ್ಣಿನಿಂದ ಶುರುವಾಗುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಮ್ಮ ವೀರಪ್ಪನ ಎಡಗೈಯಲ್ಲಿ ಬಿಲ್ಲು, ಸೊಂಟದಲ್ಲಿ ಕಿರುಗತ್ತಿ, ತುರುಬು ಒಂದು ಪಕ್ಕಕ್ಕೆ ವಾಲಿದೆ. ಎದುರಿಗೆ ಮೂವರು. ಅವನ ಬೆನ್ನ ಹಿಂದೆ ನಾಲ್ಕು ದನ, ಒಂದರ ಬೆನ್ನಿನ ಮೇಲೆ ಇನ್ನೊಂದರ ಕತ್ತು ಬರುವಂತೆ ಒತ್ತೊತ್ತಾಗಿ ಕೆತ್ತಿದವು. ಕೊನೆಯದು ತಲೆ ತಿರುಗಿಸಿ ಅವನತ್ತ ನೋಡುತ್ತಿದೆ. ಆ ಹಸುವಿನ ಕಣ್ಣು ಒಂದು ಜೋಳದ ಕಾಳಿನಷ್ಟು. ಅದನ್ನು ಕಡೆದ ಕಲ್ಲುಕುಟಿಗನಿಗೆ ದನದ ಸ್ವಭಾವ ಚೆನ್ನಾಗಿ ಗೊತ್ತಿತ್ತು. ಗಾಬರಿಯಾದ ಹಿಂಡಿನಲ್ಲಿ ಹೀಗೆ ಹಿಂದಿರುಗಿ ನೋಡುವುದು ಒಂದಾದರೂ ಇರುತ್ತದೆ. ನಡುವಿನ ಪಟ್ಟಿಕೆಯಲ್ಲಿ ಇಬ್ಬರು ಅಪ್ಸರೆಯರು ಅವನನ್ನು ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲಿನದರಲ್ಲಿ ಲಿಂಗ, ನಂದಿ, ಪೂಜೆಯವನು, ಕೈಮುಗಿದು ಕುಳಿತ ವೀರಪ್ಪ. ತುದಿಯಲ್ಲಿ ಸೂರ್ಯ ಮತ್ತು ಚಂದ್ರ. ಅವೆರಡು ಇರುವವರೆಗೆ ಇದು ಇರಲಿ ಎಂದು.

ಮೂರು ಪಟ್ಟಿಕೆಗಳ ನಡುವೆ ಎರಡು ಏಣು. ಕೆಲವು ಕಲ್ಲುಗಳಲ್ಲಿ ಆ ಏಣುಗಳ ಮೇಲೆ ಅಕ್ಷರ ಇರುತ್ತವೆ. ನಮ್ಮ ಕಲ್ಲಿನ ಮೇಲೂ ಇವೆ ಎಂದು ಊರಿಗೆ ಗೊತ್ತೇ ಇರಲಿಲ್ಲ. ಮಾಸ್ತರು ಊರವರನ್ನು ಕೇಳಿಕೊಂಡು ಎಣ್ಣೆಯ ಹಳೆಯ ಪದರವನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ತೆಗೆದರು. ಒದ್ದೆ ಆರಿದ ಮೇಲೆ ಸುಣ್ಣದ ಬಳಪದ ಪುಡಿಯನ್ನು ಅರಿವೆಯಲ್ಲಿ ಕಟ್ಟಿ ತಟ್ಟಿದರು. ಕಪ್ಪು ಕಲ್ಲಿನಲ್ಲಿ ಬಿಳಿಯ ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ಊರಿಗೆ ಊರೇ ಸುತ್ತ ನಿಂತಿತ್ತು. ಮಾಸ್ತರು ಬೆರಳಿಟ್ಟು ನಿಧಾನ ಓದಿದರು: "ತುಱುವಂ ಮಗುಳ್ಚಿ". ದನವನ್ನು ಮರಳಿ ತಿರುಗಿಸಿ ಎಂದರ್ಥ. ಅದರ ಮುಂದೆ ಹೆಸರು ಇರಬೇಕಾದ ಜಾಗದಲ್ಲಿ ಕಲ್ಲಿನ ಚಕ್ಕೆ ಎದ್ದು ಹೋಗಿತ್ತು.

ಅಮ್ಮ ನನ್ನ ಪಕ್ಕದಲ್ಲೇ ನಿಂತಿದ್ದಳು. "ನಾ ಹೇಳಿದ್ದಿಲ್ಲೇನ?" ಎಂದಷ್ಟೇ ಅಂದಳು.

ಕಲ್ಲಿನಲ್ಲಿ ಬರೆದದ್ದೂ ಅವಳ ಬಾಯಲ್ಲಿದ್ದದ್ದೂ ಒಂದೇ ಆಗಿತ್ತು. ಓದಲು ಬಾರದ ಹೆಂಗಸರು ಓದದೆಯೇ ಉಳಿಸಿಕೊಂಡಿದ್ದರು. ಆದರೆ ಅದೇ ಹೆಂಗಸರು ಭಕ್ತಿಯಿಂದ ಹಚ್ಚಿದ ಎಣ್ಣೆ ಅಕ್ಷರಗಳನ್ನು ಮುಚ್ಚಿತ್ತು. ಆ ಮನುಷ್ಯನನ್ನು ಇಷ್ಟು ಕಾಲ ಊರಿನಲ್ಲಿ ಇರಿಸಿಕೊಂಡದ್ದೂ ಎಣ್ಣೆ, ಅವನ ಬರಹವನ್ನು ಮರೆಮಾಡಿದ್ದೂ ಎಣ್ಣೆಯೇ. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೋ ನನಗೆ ಆಗ ತಿಳಿಯಲಿಲ್ಲ. ಈಗಲೂ ಪೂರ್ತಿ ತಿಳಿದಿದೆ ಎನ್ನಲಾರೆ.

ಯಲಬುರ್ಗಾ ಹಿಂದೆ ಎರಂಬರಗೆ. ಕಲ್ಯಾಣ ಚಾಲುಕ್ಯರ ಸಾಮಂತರಾಗಿದ್ದ ಸಿಂದರ ರಾಜಧಾನಿ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಈ ಸಿಂದರ ಆಚುಗಿ ಚಕ್ರವರ್ತಿಯ ಪರವಾಗಿ ಹೊಯ್ಸಳರನ್ನು ಹಿಮ್ಮೆಟ್ಟಿಸಿದ. ಅವನ ಮಗ ಪೆರ್ಮಾಡಿಯೂ ಕಾದಾಟದಲ್ಲೇ ದಿನ ಕಳೆದವನು. ಇಂದು ಪ್ಯಾಟಿಗೆ ಬಂದು ಗೊಬ್ಬರದ ಅಂಗಡಿಯ ಮುಂದೆ ಪಾಳಿ ಹಚ್ಚುವ ನಮಗೆ ಇದು ಒಂದು ರಾಜ್ಯದ ತಲೆಯೂರಾಗಿತ್ತೆಂಬುದು ನೆನಪಿಗೂ ಬರುವುದಿಲ್ಲ. ಆ ಅರಸರ ಹೆಸರುಗಳು ಶಾಸನಗಳಲ್ಲಿ ಬಿರುದುಬಾವಲಿಗಳೊಡನೆ ಸುರಕ್ಷಿತವಾಗಿವೆ. ಅವರ ಹೆಸರಿಗೆ ಎಣ್ಣೆ ಹಚ್ಚುವವರು ಮಾತ್ರ ಯಾರೂ ಇಲ್ಲ.

ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕಕ್ಕೆ ನಾನು ಹೋದದ್ದು ಅಮ್ಮ ತೀರಿಕೊಂಡ ಮರುವರ್ಷ. ಕೆಲಸದ ಮೇಲೆ ಹೋಗಿದ್ದೆ, ಮಧ್ಯಾಹ್ನ ಬಿಡುವಾಯಿತು. ನೆಹರೂ ತಾರಾಲಯದ ಎದುರಿನ ರಸ್ತೆ ದಾಟಿ ಒಳಗೆ ಕಾಲಿಟ್ಟರೆ ಮೊದಲು ಕಾಣುವುದು ಮರಗಳು. ಇದ್ದ ಮರಗಳನ್ನು ಉಳಿಸಿಕೊಂಡು ಅವುಗಳ ನಡುವೆಯೇ ಸ್ಮಾರಕ ಕಟ್ಟಿದ್ದಾರೆ, ಸಂಗ್ರಹಾಲಯವನ್ನು ನೆಲದ ಅಡಿಗೆ ಇಳಿಸಿದ್ದಾರೆ. ಇದು ನನಗೆ ತುಂಬ ಸರಿ ಎನಿಸಿತು. ಸತ್ತವರ ನೆನಪಿಗೆಂದು ಬದುಕಿದ್ದನ್ನು ಕಡಿಯದೆ ಇದ್ದದ್ದು ದೊಡ್ಡ ಮಾತು. ಮರಗಳ ಆಚೆ, ಆಕಾಶಕ್ಕೆ ಎದ್ದ ಒಂದೇ ಕಲ್ಲು. 75 ಅಡಿ. ದೇವನಹಳ್ಳಿ ಕಡೆಯ ಗಣಿಯಿಂದ ಬಿಡಿಸಿ ತಂದ ಏಕಶಿಲೆ. ಅದರ ಹೆಸರು ಕೇಳಿದಾಗ ನನ್ನ ಕಾಲು ನಿಂತಲ್ಲೇ ನಿಂತಿತು. ಅದರ ಹೆಸರೂ ವೀರಗಲ್ಲು.

ಅಷ್ಟು ದೊಡ್ಡ ಕಲ್ಲನ್ನು ಗಾಡಿಯ ಮೇಲೆ ಹೊತ್ತು ನಗರದ ರಸ್ತೆಗಳಲ್ಲಿ ತಂದು ನಿಲ್ಲಿಸಿದ್ದು ಎಂಥ ಎಂಜಿನಿಯರಿಂಗ್ ಸಾಹಸ ಎಂದು ಪಕ್ಕದಲ್ಲಿದ್ದವರು ಮಾತಾಡಿಕೊಳ್ಳುತ್ತಿದ್ದರು. ಸಾಹಸವೇ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಹೆಸರು. ದೇಶದ ಸೈನಿಕರಿಗೆ ಗೌರವ ಸಲ್ಲಿಸಲು ಬೆಂಗಳೂರಿಗೆ ಹೊರಗಿನಿಂದ ಮಾತು ತರಬೇಕಾಗಿ ಬರಲಿಲ್ಲ. ಎರಿಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ ನಿಂತ ನಮ್ಮ ಕಲ್ಲುಗಳ ಹೆಸರನ್ನೇ ಅದು ಇಟ್ಟುಕೊಂಡಿತು. ನಾನು ಹತ್ತಿರ ಹೋಗಿ ಅಂಗೈ ಇಟ್ಟೆ. ಒರಟು, ಬಿಸಿ, ಬಿಳಿಚು. ಇದಕ್ಕೆ ಇನ್ನೂ ಯಾರೂ ಎಣ್ಣೆ ಹಚ್ಚಿಲ್ಲ ಎನಿಸಿತು.

ನೆಲದಡಿಯ ಸಂಗ್ರಹಾಲಯದಲ್ಲಿ ಬಹಳ ಹೊತ್ತು ಕಳೆದೆ. ಯುದ್ಧಗಳ ವಿವರ, ಫೋಟೋಗಳು, ಪದಕಗಳ ವಿಷಯ. ಪರಮವೀರ ಚಕ್ರದ ಬಗ್ಗೆ ಓದಿದ್ದೆನಾದರೂ ಅಂದು ಅದರ ಮೇಲೆ ಮನಸ್ಸು ನಿಂತಿತು. ಆ ಪುಟ್ಟ ಕಂಚಿನ ಬಿಲ್ಲೆಯ ವಿನ್ಯಾಸ ಮಾಡಿದವರು ಸಾವಿತ್ರಿ ಖಾನೋಲ್ಕರ್, ಯುರೋಪಿನಲ್ಲಿ ಹುಟ್ಟಿ ಈ ನಾಡಿನ ಸೊಸೆಯಾಗಿ ಬಂದು ಇಲ್ಲಿಯ ಪುರಾಣಗಳನ್ನು ತಮ್ಮದಾಗಿಸಿಕೊಂಡ ಹೆಣ್ಣುಮಗಳು. ಅದರ ಮೇಲೆ ಇಂದ್ರನ ವಜ್ರಾಯುಧವನ್ನು ನಾಲ್ಕು ಬಾರಿ ಮೂಡಿಸಿದ್ದಾರೆ. ವಜ್ರಾಯುಧ ಆದದ್ದು ದಧೀಚಿಯ ಎಲುಬಿನಿಂದ. ಲೋಕ ಉಳಿಯಲೆಂದು ಋಷಿ ತನ್ನ ಎಲುಬು ಬಿಟ್ಟುಕೊಟ್ಟ ಕತೆ ಹರಿಕತೆಯಲ್ಲಿ, ಬಯಲಾಟದಲ್ಲಿ ಕೇಳಿದ್ದು. ಅತ್ಯುನ್ನತ ಶೌರ್ಯದ ಪದಕಕ್ಕೆ ಗುರುತಾಗಿ ಬಂದದ್ದು ಹೊಡೆದವನಲ್ಲ, ಮೈಯನ್ನೇ ಕೊಟ್ಟವನು.

ಆ ಪದಕ ಪಡೆದ 21 ಜನರಲ್ಲಿ ಒಬ್ಬರು ನಮ್ಮ ಕಾರವಾರದ ಬಳಿಯ ಚೆಂಡಿಯಾದವರು, ರಾಮ ರಾಘೋಬಾ ರಾಣೆ. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಾಜೌರಿಗೆ ಹೋಗುವ ದಾರಿಯಲ್ಲಿ ಶತ್ರುಗಳು ಹುಗಿದಿಟ್ಟ ನೆಲಬಾಂಬುಗಳನ್ನು ತೆಗೆಯುತ್ತಾ, ಕಡಿದು ಕೆಡವಿದ ಮರಗಳನ್ನು ಸರಿಸುತ್ತಾ, ಗಾಯಗೊಂಡರೂ ಬಿಡದೆ ನಾಲ್ಕು ದಿನ ದಾರಿ ಮಾಡಿದರು. ಟ್ಯಾಂಕಿನ ಅಡಿಯಲ್ಲೇ ತೆವಳುತ್ತಾ, ಹಗ್ಗ ಎಳೆದು ಮೇಲಿನ ಚಾಲಕನಿಗೆ ಸನ್ನೆ ಕೊಟ್ಟರು. ಅವರು ಬದುಕಿದ್ದಾಗಲೇ ಈ ಪದಕ ಪಡೆದರು. ರಸ್ತೆ ಮಾಡುವವನ ಶೌರ್ಯ ಎಂಬ ಯೋಚನೆಯೇ ನನಗೆ ಸೋಜಿಗ. ನಮ್ಮ ವೀರಪ್ಪ ದನಗಳಿಗೆ ಊರ ದಾರಿ ಬಿಡಿಸಿಕೊಟ್ಟ. ರಾಣೆಯವರು ಹಿಂದಿನಿಂದ ಬರುವ ಸೈನ್ಯಕ್ಕೆ ದಾರಿ ಬಿಡಿಸಿಕೊಟ್ಟರು. ಈ ಇಬ್ಬರ ಕೆಲಸದ ಒಳಗೆ ಇರುವುದು ಒಂದೇ.

ಹೊರಗೆ ಬಂದರೆ ಗೋಡೆಗಳು. ಸ್ವಾತಂತ್ರ್ಯದ ಬಳಿಕ ದೇಶಕ್ಕಾಗಿ ಮಡಿದವರ ಹೆಸರುಗಳನ್ನು ಗ್ರಾನೈಟಿನ ಮೇಲೆ ಕೆತ್ತಿದ್ದಾರೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೆಸರು. ದೆಹಲಿಯಲ್ಲಿ 2019ರ ಫೆಬ್ರುವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಸಮರ ಸ್ಮಾರಕದ ಗೋಡೆಗಳಲ್ಲಿಯೂ ಹೀಗೆಯೇ 25,942 ಹೆಸರು ಕೆತ್ತಿದರು. ಅಂಕಿಯನ್ನು ಓದುವಾಗ ಏನೂ ಆಗುವುದಿಲ್ಲ. ಗೋಡೆಯ ಮುಂದೆ ನಿಂತು ಒಂದು ಹೆಸರಿನಿಂದ ಮುಂದಿನ ಹೆಸರಿಗೆ ಕಣ್ಣು ಸರಿಸುವಾಗ, ಒಂದೊಂದಕ್ಕೂ ಒಂದೊಂದು ಅಡಿಗೆಮನೆ, ಒಂದೊಂದು ಹಿತ್ತಿಲು ಇತ್ತಲ್ಲ ಎಂಬುದು ಎದೆಗೆ ಬರುತ್ತದೆ. ಸಾಲು ಮುಗಿಯುವುದೇ ಇಲ್ಲ.

ಅಲ್ಲಿ ಒಬ್ಬ ಹೆಂಗಸು ಬಂದಿದ್ದರು. ಅರವತ್ತರ ಆಸುಪಾಸು, ಕೈಯಲ್ಲಿ ಬಟ್ಟೆಯ ಚೀಲ. ಜೊತೆಗಿದ್ದ ಹುಡುಗ ಮೊಬೈಲಿನಲ್ಲಿ ಏನನ್ನೋ ನೋಡಿಕೊಂಡು ಗೋಡೆಯಿಂದ ಗೋಡೆಗೆ ಹುಡುಕುತ್ತಿದ್ದ. ಸಿಕ್ಕಿತೆಂದು ಕಾಣುತ್ತದೆ, "ಅಜ್ಜಿ, ಇಲ್ಲಿ" ಎಂದು ಕರೆದ. ಆಕೆ ಹತ್ತಿರ ಬಂದು, ಸೆರಗಿನ ತುದಿಯನ್ನು ನಾಲಿಗೆಗೆ ಸೋಕಿಸಿ ಒದ್ದೆ ಮಾಡಿಕೊಂಡು, ಆ ಒಂದು ಹೆಸರನ್ನು ಮಾತ್ರ ಒರೆಸಿದರು. ಅಕ್ಷರಗಳ ಸಂದಿಯಲ್ಲಿ ಕೂತ ಧೂಳನ್ನು ಉಗುರಿನ ತುದಿಯಿಂದ ತೆಗೆದರು. ಅತ್ತರೆಂದು ಹೇಳಲಾರೆ. ಒಂದು ಕೆಲಸ ಮುಗಿಸಿದವರಂತೆ ಸೆರಗು ಸರಿಮಾಡಿಕೊಂಡು ಮರದ ನೆರಳಿಗೆ ಹೋಗಿ ಕುಳಿತರು.

ನಾನು ಕಂಡದ್ದು ನಮ್ಮಮ್ಮನ ಬೆರಳನ್ನು.

ನಮ್ಮೂರ ಕಲ್ಲಿಗೆ ಕತೆ ಇದೆ, ಮೈ ಇದೆ, ತುರುಬಿದೆ, ತಿರುಗಿ ನೋಡುವ ಹಸುವಿದೆ. ಹೆಸರಿಲ್ಲ. ಈ ಗೋಡೆಯ ಮೇಲೆ ಹೆಸರಿದೆ. ಆ ಮನುಷ್ಯ ಯಾವ ರಾತ್ರಿ, ಯಾವ ದಿಬ್ಬದ ಮೇಲೆ, ಯಾರನ್ನು ಉಳಿಸಲು ನಿಂತ ಎಂಬುದು ಇಲ್ಲ. ಅದು ಒಂದು ಮನೆಯ ಒಳಗೆ, ಒಬ್ಬಳು ಅಜ್ಜಿಯ ಬಾಯಲ್ಲಿ ಇರಬಹುದು. ಆ ಬಾಯಿ ಹೇಳುವುದನ್ನು ನಿಲ್ಲಿಸುವ ಮೊದಲು ಯಾರಾದರೂ ಕೇಳಿಸಿಕೊಂಡಿದ್ದಾರೆಯೇ?

ಹೆಸರೂ ಕತೆಯೂ ಎರಡೂ ನಮ್ಮ ಕಡೆಯವರಿಗೆಲ್ಲ ಗೊತ್ತಿರುವವರು ಹನುಮಂತಪ್ಪ ಕೊಪ್ಪದ. ಕುಂದಗೋಳ ತಾಲೂಕಿನ ಬೆಟದೂರಿನ ಮಗ, ಮದ್ರಾಸ್ ರೆಜಿಮೆಂಟಿನ ಲ್ಯಾನ್ಸ್ ನಾಯಕ್. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮದ ಗುಡ್ಡೆ ಕುಸಿದು ಹತ್ತು ಜನ ಸಿಕ್ಕಿಬಿದ್ದರು. ಆರು ದಿನದ ಮೇಲೆ ಹಿಮ ಕೊರೆದಾಗ ಅವರೊಬ್ಬರು ಜೀವದಿಂದಿದ್ದರು. ಆ ದಿನಗಳಲ್ಲಿ ನಮ್ಮ ಊರಿನಲ್ಲಿ ಬೇರೆ ಮಾತೇ ಇರಲಿಲ್ಲ. ವೀರಪ್ಪನ ಮುಂದೆ ಯಾರೋ ಹಗಲು ರಾತ್ರಿ ದೀಪ ಉರಿಸಿದರು. ಫೆಬ್ರುವರಿ 11ರಂದು ಅವರು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಬಿಸಿಲಿನಲ್ಲಿ ಬೆಳೆದ ನಮ್ಮ ಕಡೆಯ ಒಂದು ಜೀವ ಆ ಹಿಮದ ಅಡಿ ಆರು ದಿನ ಏನನ್ನು ಹಿಡಿದುಕೊಂಡು ಉಸಿರಾಡಿತು? ಇದಕ್ಕೆ ವೈದ್ಯರ ಬಳಿ ಒಂದು ಉತ್ತರ ಇದ್ದೀತು. ನನ್ನ ಬೆರಗು ಅದರಿಂದ ಕಡಿಮೆಯಾಗದು.

ಸೈನಿಕ ಸ್ಮಾರಕ ನೋಡಿದ ಮರುದಿನ ಬೆಳಿಗ್ಗೆ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದೆ. 1865ರಲ್ಲಿ ಆರಂಭವಾದದ್ದು, 1877ರಿಂದ ಈಗಿನ ಕೆಂಪು ಕಟ್ಟಡದಲ್ಲಿದೆ. ಹಿಂದಿನ ದಿನದ ವೀರಗಲ್ಲಿನ ಹಿರಿಯರು ಅಲ್ಲಿದ್ದಾರೆ. ಬೇಗೂರಿನಿಂದ ತಂದ ಗಂಗರ ಕಾಲದ ವೀರಗಲ್ಲಿನಲ್ಲಿ ಆನೆ, ಕುದುರೆ, ಬಿಲ್ಲುಗಾರರು, ಬಿದ್ದವರು, ಬಿದ್ದವರ ಮೇಲೆ ಎರಗಿದ ಹಕ್ಕಿಗಳು, ಎಲ್ಲ ತುಂಬಿ ಕಾಳಗದ ಗದ್ದಲವೇ ಕೇಳಿಸುವಂತಿದೆ. ಅದೇ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರುವ ಇನ್ನೊಂದು ವೀರಗಲ್ಲಿನ ಬರಹದಲ್ಲಿ, ಸುಮಾರು ಕ್ರಿ.ಶ. 890ರದು, ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಕಡೆಯವರು ಸತ್ತರೆಂದಿದೆ. ಬೆಂಗಳೂರು ಎಂಬ ಹೆಸರು ನಮಗೆ ಸಿಗುವ ಅತಿ ಹಳೆಯ ಬರಹ ಅದು. ಇಷ್ಟು ದೊಡ್ಡ ನಗರದ ಹೆಸರು ಮೊದಲು ಉಳಿದದ್ದು ಅರಮನೆಯ ಗೋಡೆಯ ಮೇಲಲ್ಲ, ಸತ್ತವರಿಗಾಗಿ ಉಳಿದವರು ನೆಟ್ಟ ಕಲ್ಲಿನ ಮೇಲೆ. ಕನ್ನಡದ್ದೇ ಹಾಗೆ. ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಶಾಸನವೂ ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಬಾಳ್ಗಳ್ಚು, ಎಂದರೆ ಕತ್ತಿ ತೊಳೆದು ಕೊಡುವ ಗೌರವದ ದತ್ತಿ, ಕೊಟ್ಟದ್ದನ್ನು ಹೇಳುತ್ತದೆ. ನಮ್ಮ ನುಡಿ ಕಲ್ಲಿನ ಮೇಲೆ ಬಾಯಿಬಿಟ್ಟಾಗ ಆಡಿದ ಮೊದಲ ಮಾತುಗಳಲ್ಲೇ ಕೃತಜ್ಞತೆ ಇತ್ತು.

ಆ ವಸ್ತುಸಂಗ್ರಹಾಲಯದಲ್ಲಿ ನಾನು ಅತಿ ಹೆಚ್ಚು ಹೊತ್ತು ನಿಂತದ್ದು ಆತಕೂರಿನ ಕಲ್ಲಿನ ಮುಂದೆ. ಮದ್ದೂರು ತಾಲೂಕಿನ ಆತಕೂರು. ಕ್ರಿ.ಶ. 949–50ರ ಈ ಶಾಸನ ತಕ್ಕೋಲದ ಮಹಾಯುದ್ಧವನ್ನು, ಅಲ್ಲಿ ಚೋಳ ರಾಜಾದಿತ್ಯನನ್ನು ಗಂಗ ಬೂತುಗ ಕೊಂದದ್ದನ್ನು ಹೇಳುತ್ತದೆ. ಆದರೆ ಕಲ್ಲಿನ ಮೇಲೆ ಕೆತ್ತಿದ ಚಿತ್ರದಲ್ಲಿ ಅರಸರಿಲ್ಲ. ಒಂದು ನಾಯಿ ಒಂದು ಹಂದಿಯ ಮೇಲೆ ಬಿದ್ದಿದೆ. ಮಣಲೆರ ಎಂಬ ವೀರ ಅರಸನ ಬಳಿ ಮೆಚ್ಚುಗೆಯಾಗಿ ಕೇಳಿ ಪಡೆದದ್ದು ಊರನ್ನಲ್ಲ, ಹೊನ್ನನ್ನಲ್ಲ, ಈ ನಾಯಿಯನ್ನು. ಅದು ದೊಡ್ಡ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಭೂಮಿಯನ್ನು ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದು ಎಂದು ಬರೆಸಿದರು. ನಾಯಿಯ ಹೆಸರು ಕಾಳಿ.

ಸಾವಿರದ ಎಪ್ಪತ್ತೈದು ವರ್ಷದಿಂದ ಒಂದು ನಾಯಿಯ ಹೆಸರು ಉಳಿದಿದೆ. ನಾನು ಗಾಜಿನಂಥ ಆ ನೆಲದ ಮೇಲೆ ನಿಂತು "ಕಾಳಿ" ಎಂದು ಮೆಲ್ಲಗೆ ಕರೆದೆ. ಇಂದಿಗೂ ನಮ್ಮ ಓಣಿಯಲ್ಲಿ ನಾಯಿಗೆ ಅದೇ ಹೆಸರು ಇಡುತ್ತಾರೆ, ಕರೆದರೆ ಬಾಲ ಅಲ್ಲಾಡಿಸುತ್ತಾ ಬರುತ್ತದೆ. ಕಾಳಿಯ ಹೆಸರು ಉಳಿದದ್ದಕ್ಕೆ ನನಗೆ ಸಂತೋಷವಾಯಿತು, ನಮ್ಮ ವೀರಪ್ಪನದು ಹೋದದ್ದಕ್ಕೆ ಗಂಟಲು ಕಟ್ಟಿತು. ಆದರೆ ಒಂದು ಮಾತು ಹೇಳಬೇಕು. ಆತಕೂರಿನ ಕಲ್ಲು ಈಗ ಸಂಗ್ರಹಾಲಯದಲ್ಲಿ ಭದ್ರವಾಗಿದೆ, ಅದರ ಮುಂದೆ ಉಣ್ಣುವ ಮೊದಲು ಕೈಮುಗಿಯುವ ಗೊರವ ಇಲ್ಲ. ನಮ್ಮ ಕಲ್ಲು ಮಳೆಯಲ್ಲಿ ನಿಂತಿದೆ, ಅದಕ್ಕೆ ಅಮಾಸಿ ತಪ್ಪಿಲ್ಲ. ಎರಡನ್ನೂ ಒಟ್ಟಿಗೆ ಕೊಡುವ ಜಾಗ ಯಾವುದು?

ವೀರಗಲ್ಲುಗಳ ಪಕ್ಕದಲ್ಲಿ ಕೆಲವೆಡೆ ಮಾಸ್ತಿಗಲ್ಲು, ಎಂದರೆ ಗಂಡನ ಚಿತೆಯೇರಿದವಳ ಕಲ್ಲು, ಇರುತ್ತದೆ. ಕಂಬದಿಂದ ಹೊರಬಂದ ಒಂದು ತೋಳು, ಮೊಣಕೈ ಮಡಿಸಿ ಮೇಲಕ್ಕೆತ್ತಿದ ಹಸ್ತ, ಮುಂಗೈ ತುಂಬ ಬಳೆ. ಅದರ ಮುಂದೆ ನನಗೆ ಬೆರಗಾಗುವುದಿಲ್ಲ. ಎದೆ ಭಾರವಾಗುತ್ತದೆ. ಸತ್ತವನ ಕತೆ ಹೇಳಬೇಕಾಗಿದ್ದವಳನ್ನೇ ಬೆಂಕಿಗೆ ಕೊಟ್ಟ ಮೇಲೆ ಹೇಳುವವರು ಯಾರು? ಗೋಡೆಯ ಮೇಲಿನ ಹೆಸರು ಒರೆಸಿದ ಆ ತಾಯಿ ಬದುಕಿದ್ದಾರೆ, ಮೊಮ್ಮಗನನ್ನು ಕೈಹಿಡಿದು ಕರೆತಂದಿದ್ದಾರೆ. ಹಿಂದಿನ ಕಾಲಕ್ಕಿಂತ ನಮ್ಮ ಕಾಲ ಮೇಲು ಎಂದು ನಾನು ಖಂಡಿತವಾಗಿ ಹೇಳಬಲ್ಲ ವಿಷಯಗಳಲ್ಲಿ ಇದು ಒಂದು.

ನಮ್ಮ ಕೊಪ್ಪಳ ಜಿಲ್ಲೆಗೆ ಬೇರೆ ಸಾವುಗಳೂ ಇವೆ, ಅವಕ್ಕೆ ಕಲ್ಲು ಸಾಲದು. 1858ರಲ್ಲಿ ಮುಂಡರಗಿ ಭೀಮರಾಯ, ಹಮ್ಮಿಗಿ ಕೆಂಚನಗೌಡ ಬ್ರಿಟಿಷರ ಮೇಲೆ ಎದ್ದು ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದರು. 1947ರ ಆಗಸ್ಟ್‌ನಲ್ಲಿ ದೇಶಕ್ಕೆ ಬಂದ ಸ್ವಾತಂತ್ರ್ಯ ನಿಜಾಮರ ಸಂಸ್ಥಾನದಲ್ಲಿದ್ದ ನಮಗೆ ಬರಲು 1948ರ ಸೆಪ್ಟೆಂಬರ್ 17 ಆಗಬೇಕಾಯಿತು. ನಡುವಿನ ಹದಿಮೂರು ತಿಂಗಳು ಅಳವಂಡಿಯ ಶಿವಮೂರ್ತಿ ಸ್ವಾಮಿಗಳಂಥವರು ಗಡಿಯಾಚೆ ಮುಂಡರಗಿಯಲ್ಲಿ ಶಿಬಿರ ಕಟ್ಟಿ ಹುಡುಗರನ್ನು ನಡೆಸಿದರು. ಇನ್ನೂ ಹಿಂದೆ, ದೆಹಲಿಯ ತೀನ್ ಮೂರ್ತಿಯಲ್ಲಿ 1922ರಲ್ಲಿ ನಿಲ್ಲಿಸಿದ ಮೂರು ಕಂಚಿನ ಸೈನಿಕರು ಮೈಸೂರು, ಜೋಧಪುರ, ಹೈದರಾಬಾದ್ ಸಂಸ್ಥಾನಗಳ ಕುದುರೆಪಡೆಯವರು. 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದ ಮೈಸೂರು ಲ್ಯಾನ್ಸರ್‌ಗಳನ್ನು ಕನ್ನಡನಾಡು ನೆನೆಯುತ್ತದೆ, ನೆನೆಯಬೇಕು. ಯಲಬುರ್ಗಾದವನಾದ ನಾನು ಒಮ್ಮೆ ದೆಹಲಿಗೆ ಹೋದಾಗ ಮೂರನೆಯ, ಹೈದರಾಬಾದಿನ ಮೂರ್ತಿಯ ಮುಂದೆಯೂ ಒಂದು ಗಳಿಗೆ ನಿಂತೆ. ಆಗ ಅದು ನಮ್ಮ ಸಂಸ್ಥಾನದ್ದು.

ಬೆಂಗಳೂರಿನಿಂದ ಊರಿಗೆ ಮರಳಿದ ವಾರದಲ್ಲಿ ಇಟಗಿಗೆ ಹೋದೆ. 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯ, ಶಾಸನವೇ ದೇವಾಲಯ ಚಕ್ರವರ್ತಿ ಎಂದು ಕರೆದ ಗುಡಿ. ಇದನ್ನು ಎಷ್ಟೋ ಬಾರಿ ನೋಡಿದ್ದೆ. ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಎಂಬುದನ್ನು ಮಾತ್ರ ಈ ಸಲ ಹೊಸದಾಗಿ ಕಂಡೆ. ದಂಡನಾಯಕ ಎಂದರೆ ಯುದ್ಧದಲ್ಲಿ ಬದುಕಿ ಮರಳಿದವನು. ಎಷ್ಟು ಜನ ತನ್ನ ಮಾತಿನ ಮೇಲೆ ಮುಂದೆ ಹೋದರು, ಎಷ್ಟು ಜನ ಮರಳಲಿಲ್ಲ ಎಂದು ಅವನಿಗೆ ಗೊತ್ತಿತ್ತು. ಅವನು ಇಲ್ಲಿ ತನ್ನ ಗೆಲವಿನ ಕಂಬ ನೆಡಲಿಲ್ಲ. ಅಪ್ಪನ ನೆನಪಿಗೆ ಮೂರ್ತಿನಾರಾಯಣ, ಅವ್ವನ ನೆನಪಿಗೆ ಚಂದಲೇಶ್ವರಿ ಎಂದು ಗುಡಿ ಕಟ್ಟಿದ. ಕಂಬಗಳನ್ನು ಕನ್ನಡಿಯಂತೆ ನುಣುಪು ಮಾಡಿಸಿದ. ಸಂಜೆಯ ಬಿಸಿಲು ಆ ಕಂಬಗಳ ಮೇಲೆ ಬಿದ್ದಾಗ, ಕತ್ತಿ ಹಿಡಿದು ದಣಿದ ಕೈ ಕೊನೆಗೆ ಬಯಸಿದ್ದು ಇದನ್ನೇ ಇರಬೇಕು ಎನಿಸಿತು.

ನಮ್ಮ ಕಡೆ ಈಗ ಒಂದು ಒಳ್ಳೆಯ ರೂಢಿ ಬಂದಿದೆ. ಸೈನ್ಯದಿಂದ ನಿವೃತ್ತರಾಗಿ ಬರುವವರನ್ನು ಬಸ್‌ಸ್ಟ್ಯಾಂಡಿನಿಂದಲೇ ತೆರೆದ ಜೀಪಿನಲ್ಲಿ ಕೂಡಿಸಿ, ಹಲಗೆ ಬಾರಿಸುತ್ತಾ, ಹೂ ಎರಚುತ್ತಾ ಊರೊಳಗೆ ಕರೆತರುತ್ತಾರೆ. ಕಳೆದ ಸಲ ಒಬ್ಬರು ಹೀಗೆ ಬಂದರು. ಮೆರವಣಿಗೆ ಹನುಮಪ್ಪನ ಗುಡಿಯ ಮುಂದೆ ಬಂದಾಗ ಜೀಪು ನಿಲ್ಲಿಸಲು ಹೇಳಿ, ಇಳಿದು, ಕೊರಳ ಮಾಲೆಗಳನ್ನೆಲ್ಲ ತೆಗೆದು ವೀರಪ್ಪನಿಗೆ ಹಾಕಿದರು. ಬೂಟು ಬಿಚ್ಚಿದ್ದರು. ಎದ್ದು ನಿಂತು ಸೆಲ್ಯೂಟ್ ಹೊಡೆದರು. ಹಲಗೆಯವರು ಬಾರಿಸುವುದನ್ನು ನಿಲ್ಲಿಸಿದರು. ಹದಿನೇಳು ವರ್ಷ ಎಲ್ಲೆಲ್ಲಿದ್ದರೋ, ಯಾರ ಯಾರ ಹೆಸರು ಅವರ ಎದೆಯಲ್ಲಿತ್ತೋ. ಅವರಿಗೆ ಆ ಹೊತ್ತಿನಲ್ಲಿ ಕಲ್ಲು ಬೇಕಾಗಿತ್ತು, ನಮ್ಮೂರಿನಲ್ಲಿ ಅದು ಇತ್ತು.

ಎಂ. ಚಿದಾನಂದಮೂರ್ತಿ, ಆರ್. ಶೇಷಶಾಸ್ತ್ರಿ ಅವರಂಥ ವಿದ್ವಾಂಸರು ಊರೂರು ತಿರುಗಿ, ಈ ಕಲ್ಲುಗಳ ಮುಂದೆ ಕುಳಿತು, ನಮಗಾಗಿ ಓದಿಟ್ಟಿದ್ದಾರೆ. ಆದರೂ ಓದದೆ ಉಳಿದವು ಇವೆ. ರಸ್ತೆ ಅಗಲ ಮಾಡುವಾಗ ಬುಲ್ಡೋಜರಿಗೆ ಸಿಕ್ಕವು, ಹಳ್ಳಕ್ಕೆ ಅಡ್ಡ ಹಾಸಿದವು, ಬಟ್ಟೆ ಒಗೆಯುವ ಬಂಡೆಯಾದವು, ಕುಡುಗೋಲು ಮಸೆದು ಮಸೆದು ವೀರನ ಮುಖ ಸವೆದವು, ಎಲ್ಲವನ್ನೂ ನಾನು ನಮ್ಮ ತಾಲೂಕಿನಲ್ಲೇ ಕಂಡಿದ್ದೇನೆ. ಈಚೆಗೆ ಭಕ್ತಿಯಿಂದ ಬೆಳ್ಳಿಬಣ್ಣ, ಹಸಿರು ಬಣ್ಣದ ಪೇಂಟು ಬಳಿಯುವುದೂ ಶುರುವಾಗಿದೆ. ಎಣ್ಣೆಯನ್ನು ಬಿಸಿನೀರಿನಲ್ಲಿ ತೆಗೆಯಬಹುದು, ಪೇಂಟು ಅಕ್ಷರದ ಅಂಚನ್ನೇ ಕಿತ್ತುಕೊಂಡು ಬರುತ್ತದೆ.

ಆದ್ದರಿಂದ ಓದುವ ನಿಮ್ಮಲ್ಲಿ ಒಂದು ಕೇಳಿಕೆ. ಮುಂದಿನ ಸಲ ಊರಿಗೆ ಹೋದಾಗ ಗುಡಿಯ ಮಗ್ಗುಲಿನ ಆ ಕಲ್ಲಿನ ಹತ್ತಿರ ಬೆಳಗಿನ ಓರೆ ಬಿಸಿಲಿನಲ್ಲಿ ಹೋಗಿ ಕುಕ್ಕುರುಗಾಲಲ್ಲಿ ಕುಳಿತು ನೋಡಿ. ಏಣುಗಳ ಮೇಲೆ ಅಕ್ಷರ ಕಂಡರೆ ಫೋಟೋ ತೆಗೆದು, ಹತ್ತಿರದ ಕಾಲೇಜಿನ ಇತಿಹಾಸದ ಅಧ್ಯಾಪಕರಿಗೋ ಪುರಾತತ್ವ ಇಲಾಖೆಗೋ ತಿಳಿಸಿ, ಪಡಿಯಚ್ಚು ತೆಗೆಸಿ. ಪೇಂಟಿನ ಡಬ್ಬಿ ತಂದವರನ್ನು ಕೈಮುಗಿದು ತಡೆಯಿರಿ. ಎಣ್ಣೆ ಹಚ್ಚುವ ಅಜ್ಜಿ ಇದ್ದರೆ ಅವಳ ಪಕ್ಕದಲ್ಲಿ ಕುಳಿತು, ಇವನು ಯಾರು, ಏನು ಮಾಡಿದ ಎಂದು ಕೇಳಿ ಬರೆದುಕೊಳ್ಳಿ. ನಮ್ಮೂರ ಕಲ್ಲಿನ ಆ ಒಂದು ಸಾಲಿನ ಪಡಿಯಚ್ಚು ಈಗ ನಮ್ಮ ಶಾಲೆಯ ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿದೆ, ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದೇವೆ, ಅದರ ಕೆಳಗೆ ಅಮ್ಮನ ಎರಡು ಮಾತು ಬರೆದಿದೆ.